ಬೊಮ್ಮಸಂದ್ರವೋ ಚಾಕಣ್ಣೋ? ಮೊದಲು ಮನೆಯವರ ಕೆಲಸದ ಲೆಕ್ಕ ಹಾಕಿ

ಪ್ರಶ್ನೆ: ನಾನು ದಾವಣಗೆರೆ ವಿದ್ಯಾನಗರದವನು, ವಯಸ್ಸು 31. ಮೆಕ್ಯಾನಿಕಲ್ ಓದಿದ್ದೇನೆ, ನಾಲ್ಕೂವರೆ ವರ್ಷದಿಂದ ಹರಿಹರದ ಒಂದು ಕಾರ್ಖಾನೆಯಲ್ಲಿ ಟೂಲ್ ಡಿಸೈನ್ ಮಾಡುತ್ತಿದ್ದೇನೆ. ಈಗ ಎರಡು ಆಫರ್ ಬಂದಿವೆ. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಕೈಗೆ 78 ಸಾವಿರ, ಪುಣೆ ಹತ್ತಿರದ ಚಾಕಣ್‌ನಲ್ಲಿ 88 ಸಾವಿರ. ಬೊಮ್ಮಸಂದ್ರದ ಕಡೆ ಎರಡು ರೂಮಿನ ಮನೆಗೆ 20 ಸಾವಿರ ಬಾಡಿಗೆ, ಒಂದೂವರೆ ಲಕ್ಷ ಅಡ್ವಾನ್ಸ್ ಹೇಳಿದ್ದಾರೆ. ಚಾಕಣ್‌ಗೆ ಹತ್ತಿರದ ಮೋಶಿಯಲ್ಲಿ 17 ಸಾವಿರ ಬಾಡಿಗೆ, 50 ಸಾವಿರ ಡೆಪಾಸಿಟ್. ಹೆಂಡತಿ ಇಲ್ಲಿ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಬೊಮ್ಮಸಂದ್ರದ ಕಡೆ ಆಕೆಗೆ 28 ಸಾವಿರ ಸಿಗಬಹುದು, ಪುಣೆಯಲ್ಲಿ ವಿಚಾರಿಸಿಲ್ಲ. ಮಗಳಿಗೆ ನಾಲ್ಕು ವರ್ಷ. ಅಪ್ಪ ಅಮ್ಮ ಊರಲ್ಲೇ ಇರುತ್ತಾರೆ, ಅಪ್ಪನಿಗೆ ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ಬೆಂಗಳೂರಲ್ಲಿ ಟ್ರಾಫಿಕ್, ನೀರಿಲ್ಲ, ಸುಮ್ನೆ ಪುಣೆಗೆ ಹೋಗು ಅಂತ ಸ್ನೇಹಿತರು ಹೇಳುತ್ತಾರೆ. ನೀವೇನು ಹೇಳುತ್ತೀರಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಒಂದೇ ಮಾತು, "ಪುಣೆಯಲ್ಲಿ ವಿಚಾರಿಸಿಲ್ಲ" ಅನ್ನೋದು. ನಿಮ್ಮ ಸಂಬಳ, ಬಾಡಿಗೆ, ಡೆಪಾಸಿಟ್ ಎಲ್ಲ ರೂಪಾಯಿ ಲೆಕ್ಕದಲ್ಲಿ ಬರೆದಿದ್ದೀರಿ, ಆದರೆ ಮನೆಗೆ ಬರೋ ಎರಡನೇ ಸಂಬಳದ ಲೆಕ್ಕವನ್ನು ಅರ್ಧಕ್ಕೇ ಬಿಟ್ಟಿದ್ದೀರಿ. ನಾನು ನೇಮಕಾತಿ ಕೆಲಸದಲ್ಲಿ ಇರೋನು. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯ ಎಂಜಿನಿಯರ್‌ಗಳು ಎರಡೂ ಊರಿಗೆ ಹೋಗೋದನ್ನು ನೋಡುತ್ತಲೇ ಇರುತ್ತೇನೆ. ಹೋದವರು ವಾಪಸ್ ಬರೋದು ಟ್ರಾಫಿಕ್‌ಗೆ ಹೆದರಿ ಅಲ್ಲ. ಮನೆಯಲ್ಲಿ ಇನ್ನೊಬ್ಬರ ಕೆಲಸ ನಿಂತು, ಒಂದೇ ಸಂಬಳದಲ್ಲಿ ಸಂಸಾರ ಎಳೆಯೋಕೆ ಆಗದೆ ಬರುವವರೇ ಜಾಸ್ತಿ.

ಮೊದಲು ಲೆಕ್ಕ ನೋಡೋಣ. ಬೊಮ್ಮಸಂದ್ರದಲ್ಲಿ ನಿಮ್ಮ 78, ಮನೆಯವರ 28, ಅದರಲ್ಲಿ ಬಾಡಿಗೆ 20 ಕಳೆದರೆ 86 ಸಾವಿರ ಉಳಿಯಿತು. ಪುಣೆಯಲ್ಲಿ ಅವರಿಗೆ ಕೆಲಸ ಸಿಗದಿದ್ದರೆ ನಿಮ್ಮ 88ರಲ್ಲಿ 17 ಹೋಗಿ 71 ಸಾವಿರ. ಅಂದರೆ ತಿಂಗಳಿಗೆ 15 ಸಾವಿರ ಕಡಿಮೆ. ಪುಣೆಯವರು 1 ಲಕ್ಷ 3 ಸಾವಿರ ಕೊಟ್ಟರೆ ಎರಡೂ ಸಮ ಆಗುತ್ತದೆ. ಇಬ್ಬರೂ ದುಡಿಯೋಕೆ ಹೋದರೆ ಮಗಳನ್ನು ಡೇಕೇರ್‌ಗೆ ಬಿಡಬೇಕು, ಅದಕ್ಕೊಂದು 8 ಸಾವಿರ ಅಂತ ಇಟ್ಟುಕೊಳ್ಳಿ, ಆಗಲೂ ಪುಣೆಯಿಂದ 95 ಸಾವಿರ ಬರಬೇಕು. ನಿಮ್ಮ ಕೈಯಲ್ಲಿರೋದು 88.

ಸರಿ, ಪುಣೆಯಲ್ಲಿ ಅವರಿಗೂ ಕೆಲಸ ಸಿಗುತ್ತೆ ಅಲ್ವಾ, ಅಲ್ಲೇನು ಆಸ್ಪತ್ರೆ ಕಮ್ಮಿ ಇದಾವಾ ಅಂತ ಕೇಳಬಹುದು. ಆಸ್ಪತ್ರೆ ಬೇಕಾದಷ್ಟಿವೆ. ಆದರೆ ನರ್ಸ್ ಕೆಲಸ ನಿಮ್ಮ ಡಿಸೈನ್ ಕೆಲಸದ ಥರ ಅಲ್ಲ, ಲ್ಯಾಪ್‌ಟಾಪ್ ಎತ್ತಿಕೊಂಡು ಗಡಿ ದಾಟೋಕೆ ಆಗೋದಿಲ್ಲ. ಅವರ ನೋಂದಣಿ ಇರೋದು ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಲ್ಲಿ. ಮಹಾರಾಷ್ಟ್ರದಲ್ಲಿ ಕೆಲಸ ಮಾಡಬೇಕಂದ್ರೆ ಅಲ್ಲಿನ ಕೌನ್ಸಿಲ್‌ಗೆ ನೋಂದಣಿ ವರ್ಗಾಯಿಸಿಕೊಳ್ಳಬೇಕು. ಅದಕ್ಕೆ ಇಲ್ಲಿಂದ ಎನ್‌ಒಸಿ, ಅಂಕಪಟ್ಟಿ ಪರಿಶೀಲನೆ, ಓದಿದ ಕಾಲೇಜಿನ ಕಾಗದ ಎಲ್ಲ ಓಡಾಡಬೇಕು. ವಾರದಲ್ಲಿ ಮುಗಿಯೋ ಕೆಲಸ ಅಲ್ಲ. ಅದು ಆದಮೇಲೂ ಭಾಷೆ ಇದೆ. ನೀವು ಮೀಟಿಂಗ್‌ನಲ್ಲಿ ಇಂಗ್ಲಿಷು, ಶಾಪ್ ಫ್ಲೋರ್‌ನಲ್ಲಿ ಹಿಂದಿ ಮಾತಾಡಿ ದಿನ ತಳ್ಳಬಹುದು. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಒಬ್ಬ ಅಜ್ಜಿ ಎಲ್ಲಿ ನೋವು, ಹೇಗೆ ನೋವು ಅಂತ ಮರಾಠಿಯಲ್ಲಿ ಹೇಳುವಾಗ ಅರ್ಥ ಮಾಡಿಕೊಳ್ಳಬೇಕಾದವರು ಅವರು. ಕಲಿಯೋಕೆ ಆಗದ ಭಾಷೆ ಏನಲ್ಲ, ಆದರೆ ಕಲಿಯೋ ತನಕ ಇಂಟರ್‌ವ್ಯೂನಲ್ಲೇ ಹಿಂದೆ ಬೀಳುತ್ತಾರೆ.

ಬೊಮ್ಮಸಂದ್ರದಲ್ಲಿ ಈ ತಲೆನೋವು ಇಲ್ಲ. ಅದೇ ನೋಂದಣಿ ನಡೆಯುತ್ತದೆ. ನಾರಾಯಣ ಹೆಲ್ತ್ ಸಿಟಿ ಅಲ್ಲೇ ಹೊಸೂರು ರಸ್ತೆಯಲ್ಲಿದೆ, ಸುತ್ತಮುತ್ತ ಇನ್ನೂ ಆಸ್ಪತ್ರೆಗಳಿವೆ. ಒಂದು ಕಡೆ ಹೊಂದದಿದ್ದರೆ ಇನ್ನೊಂದು ಕಡೆ ನೋಡಬಹುದು. ಶಿಫ್ಟ್ ಮಾತ್ರ ಮೊದಲೇ ಕೇಳಿಕೊಳ್ಳಿ. ನಾಲ್ಕು ವರ್ಷದ ಮಗು ಇಟ್ಟುಕೊಂಡು ಇಬ್ಬರಿಗೂ ಒಂದೇ ವಾರ ನೈಟ್ ಬಿದ್ದರೆ ಯಾವ ಊರಾದರೂ ಸಂಸಾರ ನಡೆಯೋದಿಲ್ಲ. ಡಯಾಲಿಸಿಸ್ ಅಥವಾ ಓಪಿಡಿ ಕಡೆ ಹಾಕಿಸಿಕೊಳ್ಳೋಕೆ ನೋಡಲಿ, ಅಲ್ಲಿ ಹಗಲು ಡ್ಯೂಟಿ ಸಿಗೋ ಸಾಧ್ಯತೆ ಹೆಚ್ಚು.

ಇನ್ನು ನಿಮ್ಮ ಸ್ನೇಹಿತರ ಟ್ರಾಫಿಕ್ ವಾದ. ಬೆಂಗಳೂರು ಟ್ರಾಫಿಕ್‌ನ ಹೆಸರು ದೇಶಕ್ಕೆಲ್ಲ ಗೊತ್ತು, ಹಾಗಾಗಿ ಪುಣೆ ಬಚಾವಾಗಿದೆ. ಟಾಮ್‌ಟಾಮ್ ಅನ್ನೋ ಕಂಪನಿ ಪ್ರಪಂಚದ ಊರುಗಳ ಟ್ರಾಫಿಕ್ ಅಳೆಯುತ್ತದೆ. ಅದರ 2024ರ ಲೆಕ್ಕದ ಪ್ರಕಾರ 10 ಕಿಲೋಮೀಟರ್ ಹೋಗೋಕೆ ಬೆಂಗಳೂರಲ್ಲಿ ಸರಾಸರಿ 34 ನಿಮಿಷ, ಪುಣೆಯಲ್ಲಿ 33. ಈ ಒಂದು ನಿಮಿಷಕ್ಕಾಗಿ ರಾಜ್ಯ ಬಿಡಬೇಕಾ? ಅದೂ ಅಲ್ಲದೆ ಚಾಕಣ್ ಅಂದರೆ ಲಾರಿ, ಟ್ರೇಲರ್‌ಗಳ ಊರು. ಪುಣೆ-ನಾಸಿಕ್ ಹೆದ್ದಾರಿಯಲ್ಲಿ ಮೋಶಿಯಿಂದ ಚಾಕಣ್ ಚೌಕದ ತನಕ, ಆಮೇಲೆ ತಳೇಗಾಂವ್ ರಸ್ತೆಯಲ್ಲಿ, ಶಿಫ್ಟ್ ಬಿಡೋ ಹೊತ್ತಿಗೆ ಕಂಟೇನರ್‌ಗಳ ಮಧ್ಯೆ ಬೈಕ್ ನುಗ್ಗಿಸಿಕೊಂಡು ಹೋಗೋದು ಹುಡುಗಾಟ ಅಲ್ಲ. ಕಂಪನಿ ಬಸ್ ಇದ್ದರೆ ಕಣ್ಣು ಮುಚ್ಚಿ ಅದನ್ನೇ ಹತ್ತಿ. ಆ ಭಾಗದ ದೊಡ್ಡ ಕಾರ್ಖಾನೆಗಳು ಪಿಂಪ್ರಿ-ಚಿಂಚ್ವಡದಿಂದ ಬಸ್ ಬಿಡುತ್ತವೆ. ನಿಮ್ಮದು ಚಿಕ್ಕ ಕಂಪನಿಯಾದರೆ ಈ ವಿಷಯ ಖಂಡಿತ ಕೇಳಬೇಕು.

ಪುಣೆಯಲ್ಲಿ 2022ರಿಂದ ಮೆಟ್ರೊ ಇದೆ, ಪಿಂಪ್ರಿ-ಚಿಂಚ್ವಡದಿಂದ ಸ್ವಾರ್‌ಗೇಟ್ ತನಕ ಓಡುತ್ತದೆ. ನಮ್ಮ ಕಡೆಯ ಬಸ್ಸುಗಳು ನಿಲ್ಲೋದೂ ಸ್ವಾರ್‌ಗೇಟ್‌ನಲ್ಲೇ, ಅದು ಅನುಕೂಲ. ಆದರೆ ಆ ಮೆಟ್ರೊ ಚಾಕಣ್‌ಗೆ ಹೋಗೋದಿಲ್ಲ, ಕೊನೆಯ ತುಂಡು ರಸ್ತೆಯಲ್ಲೇ.

ಬೊಮ್ಮಸಂದ್ರ ಬೆಂಗಳೂರಿನ ಆ ತುದಿ, ನಮ್ಮ ಬಸ್ಸು ನುಗ್ಗೋದು ತುಮಕೂರು ರಸ್ತೆಯ ಈ ತುದಿ, ಮಧ್ಯೆ ಇಡೀ ಊರು ದಾಟಬೇಕಲ್ಲ ಅನ್ನೋ ಭಯ ನಿಮಗೆ ಇರಬಹುದು. ಈ ಮಾತು 2025ರ ಆಗಸ್ಟ್ ತನಕ ಸತ್ಯವೇ ಆಗಿತ್ತು. ಆ ತಿಂಗಳು ಹಳದಿ ಮಾರ್ಗ ಶುರುವಾಯಿತು, ಆರ್.ವಿ. ರಸ್ತೆಯಿಂದ ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರದ ತನಕ. ಈಗ ದಾವಣಗೆರೆ ಬಸ್ಸಿನಿಂದ ಜಾಲಹಳ್ಳಿ ಕ್ರಾಸ್‌ನಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದು ಹಸಿರು ಮಾರ್ಗ ಹತ್ತಿದರೆ, ಆರ್.ವಿ. ರಸ್ತೆಯಲ್ಲಿ ಒಮ್ಮೆ ಬದಲಾಯಿಸಿ ನೇರ ಬೊಮ್ಮಸಂದ್ರ. ರೈಲಿನಲ್ಲಿ ಬಂದರೆ ಯಶವಂತಪುರದಲ್ಲಿ ಇಳಿದರಾಯಿತು, ಅಲ್ಲೂ ಮೆಟ್ರೊ ಇದೆ. ಟಿಕೆಟ್ ಅಗ್ಗ ಅಂತ ಹೇಳಲಾರೆ. 2025ರ ಫೆಬ್ರವರಿಯಲ್ಲಿ ದರ ಏರಿಸಿ ಗರಿಷ್ಠ 90 ರೂಪಾಯಿ ಮಾಡಿದರು, ಜನ ಇನ್ನೂ ಬೈಯುತ್ತಿದ್ದಾರೆ. ಆದರೂ ಸೋಮವಾರ ಬೆಳಗ್ಗೆ ಊರಿಂದ ಬಂದು ಡ್ಯೂಟಿಗೆ ಹೋಗೋರಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸಲ್ಲಿ ಕೂತು ಕಾಯೋದಕ್ಕಿಂತ ಇದು ಎಷ್ಟೋ ವಾಸಿ.

ನಿಮ್ಮ ತಂದೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ದಾವಣಗೆರೆ ಕೂತಿರೋದು ಬೆಂಗಳೂರು-ಪುಣೆ ಹೆದ್ದಾರಿಯ ಮೇಲೆ. ಎನ್‌ಎಚ್ 48, ನಾವೆಲ್ಲ ಇನ್ನೂ ಎನ್‌ಎಚ್ 4 ಅಂತಲೇ ಕರೆಯೋದು. ದಕ್ಷಿಣಕ್ಕೆ ಹೋದರೆ ಬೆಂಗಳೂರು ಸುಮಾರು 260 ಕಿಲೋಮೀಟರ್, ಉತ್ತರಕ್ಕೆ ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರ ದಾಟಿ ಪುಣೆಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ. ಬೆಂಗಳೂರಿಗೆ ಬಸ್ಸು ಹಗಲು ರಾತ್ರಿ ಸಿಗುತ್ತದೆ. 2023ರ ಜೂನ್‌ನಿಂದ ಬೆಂಗಳೂರು-ಧಾರವಾಡ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ, ಬೆಂಗಳೂರಿಂದ ನಾಲ್ಕು ಗಂಟೆಯ ಆಸುಪಾಸಿನ ಪ್ರಯಾಣ. ಪುಣೆಯದು ರಾತ್ರಿಯಿಡೀ ಪ್ರಯಾಣ. ಬೆಂಗಳೂರು, ಮೈಸೂರಿಂದ ರಾಜಸ್ಥಾನ, ಗುಜರಾತ್ ಕಡೆ ಹೋಗೋ ಕೆಲವು ರೈಲುಗಳು ದಾವಣಗೆರೆ, ಮಿರಜ್ ಮೇಲೆ ಪುಣೆಗೆ ಹೋಗುತ್ತವೆ, ಆದರೆ ನೀವು ಬೇಕೆಂದ ದಿನ ಇರೋದಿಲ್ಲ, ಇದ್ದ ದಿನ ಸೀಟಿರೋದಿಲ್ಲ. ಹುಬ್ಬಳ್ಳಿ-ಪುಣೆ ವಂದೇ ಭಾರತ್ ಕೂಡ ವಾರಪೂರ್ತಿ ಓಡೋ ರೈಲಾಗಿ ಶುರುವಾದದ್ದಲ್ಲ. ಇನ್ನು ಗಡಿ ಗಲಾಟೆ ಅಂತ ಒಂದಿದೆ. 2025ರ ಫೆಬ್ರವರಿಯಲ್ಲಿ ಬೆಳಗಾವಿ ಹತ್ತಿರ ಕಂಡಕ್ಟರ್ ಮೇಲೆ ಹಲ್ಲೆಯಾಗಿ, ಎರಡೂ ರಾಜ್ಯದ ಸರ್ಕಾರಿ ಬಸ್ಸು ಕೆಲವು ದಿನ ಗಡಿ ದಾಟಲಿಲ್ಲ. ದುಗ್ಗಮ್ಮನ ಜಾತ್ರೆಗೆ ಬರೋಕಾದರೆ ರಜೆ ಹಾಕಿ, ತಿಂಗಳ ಮೊದಲೇ ಬುಕ್ ಮಾಡಿ ಬರಬಹುದು. ರಾತ್ರಿ ಹನ್ನೊಂದಕ್ಕೆ ಅಮ್ಮ ಫೋನ್ ಮಾಡಿ ಅಪ್ಪನಿಗೆ ಎದೆ ಹಿಡಿದಂಗೆ ಆಗ್ತಿದೆ ಅಂದರೆ? ಬೊಮ್ಮಸಂದ್ರದಿಂದ ಹೊರಟರೆ ಬೆಳಗಾಗೋದರೊಳಗೆ ಹಾಸಿಗೆ ಪಕ್ಕ ಇರುತ್ತೀರಿ. ಮೋಶಿಯಿಂದ ಹೊರಟರೆ ಬೆಳಗಾಗೋ ಹೊತ್ತಿಗೆ ಇನ್ನೂ ದಾರಿಯಲ್ಲೇ ಇರುತ್ತೀರಿ.

ಚೆಕಪ್‌ಗೆ ಅವರನ್ನು ಕರೆಸಿಕೊಳ್ಳೋದೂ ಸುಲಭ. ಹಳದಿ ಮಾರ್ಗದಲ್ಲಿ ಜಯದೇವ ಆಸ್ಪತ್ರೆ ಹೆಸರಿನ ನಿಲ್ದಾಣವೇ ಇದೆ. ಹೃದಯದ ಸರ್ಕಾರಿ ಆಸ್ಪತ್ರೆ ನೀವು ಊರಿಗೆ ಓಡಾಡೋ ಮಾರ್ಗದ ಮೇಲೇ ಬಂತು.

ನೀರಿನ ವಿಷಯದಲ್ಲಿ ನಿಮ್ಮ ಸ್ನೇಹಿತರು ಅರ್ಧ ಸರಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯ ಟ್ಯಾಂಕರ್‌ಗೆ ಕ್ಯೂ ನಿಂತಿದ್ದು ಎಲ್ಲರೂ ನೋಡಿದ್ದಾರೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು, ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು. ಆದರೆ ಅದು ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆ ಅಂತ ಮಾಡಿದ್ದು. ಬೊಮ್ಮಸಂದ್ರ ಇರೋದು ಆನೇಕಲ್ ತಾಲ್ಲೂಕಿನಲ್ಲಿ, ಅದಕ್ಕೆ ಅದರದೇ ಪುರಸಭೆ. ಅಲ್ಲಿ ಬಹಳ ಕಡೆ ಬೋರ್‌ವೆಲ್ಲು, ಅದು ಬತ್ತಿದರೆ ಟ್ಯಾಂಕರು. ಮನೆ ನೋಡೋಕೆ ಹೋದಾಗ ಹಾಲ್ ಎಷ್ಟು ದೊಡ್ಡದು ಅಂತ ಆಮೇಲೆ ನೋಡಿ, ಮೊದಲು ಬಚ್ಚಲಿಗೆ ಹೋಗಿ. ನಲ್ಲಿ ಮೂತಿಯ ಸುತ್ತ ಬಿಳಿ ಪೊರೆ ಕಟ್ಟಿದೆಯಾ, ಬಕೆಟ್ ಒಳಗೆ ಸುಣ್ಣದ ಗೆರೆ ಇದೆಯಾ, ಗೀಸರ್ ಪೈಪಿನ ಜಾಯಿಂಟಿನಲ್ಲಿ ಉಪ್ಪು ಗಟ್ಟಿಯಾಗಿದೆಯಾ ನೋಡಿ. ಇದ್ದರೆ ಗಡಸು ನೀರು, ಗೀಸರ್ ಕಾಯಿಲ್ ಬೇಗ ಹೋಗುತ್ತದೆ, ಕೂದಲು ಉದುರುತ್ತೆ ಅಂತ ಮನೆಯವರು ದಿನಾ ಹೇಳುತ್ತಾರೆ. ಓನರ್ ಹತ್ತಿರ ನೀರಿನ ಬಗ್ಗೆ ಕೇಳಬೇಡಿ, ಯಾವ ಓನರೂ ನೀರಿಲ್ಲ ಅನ್ನೋದಿಲ್ಲ. ಕೆಳಗಡೆ ಅಂಗಡಿಯವನನ್ನು, ಇಲ್ಲಾ ಪಕ್ಕದ ಮನೆಯ ಬಾಡಿಗೆದಾರರನ್ನು, ಏಪ್ರಿಲ್‌ನಲ್ಲಿ ಟ್ಯಾಂಕರ್ ಎಷ್ಟು ಸಲ ಬಂತು ಅಂತ ಕೇಳಿ.

ಪುಣೆಯಲ್ಲಿ ನೀರು ಹರಿಯುತ್ತಾ ಇರುತ್ತದೆ ಅಂದುಕೊಳ್ಳಬೇಡಿ. ಮೋಶಿ ಬರೋದು ಪಿಂಪ್ರಿ-ಚಿಂಚ್ವಡ ಪಾಲಿಕೆಗೆ, ಆ ಪಾಲಿಕೆಗೆ ನೀರು ಹೆಚ್ಚಾಗಿ ಪವನಾ ಅಣೆಕಟ್ಟಿನಿಂದ. 2019ರ ನವೆಂಬರ್‌ನಲ್ಲಿ ಅಲ್ಲಿ ದಿನ ಬಿಟ್ಟು ದಿನ ನೀರು ಬಿಡೋ ಪದ್ಧತಿ ತಂದರು. ಹೊಸ ಹೊಸ ಸೊಸೈಟಿಗಳು ಅಲ್ಲೂ ಟ್ಯಾಂಕರ್ ತರಿಸುತ್ತವೆ, ಅದರ ದುಡ್ಡು ಮೇಂಟೆನೆನ್ಸ್‌ನಲ್ಲಿ ಸೇರುತ್ತದೆ. ನಿಮಗೆ ಹೇಳಿದ 17 ಸಾವಿರದಲ್ಲಿ ಮೇಂಟೆನೆನ್ಸ್ ಸೇರಿದೆಯಾ ಇಲ್ಲವಾ? ಕುಂದವಾಡ ಕೆರೆ ನೀರನ್ನು ಡ್ರಮ್ಮಲ್ಲಿ ತುಂಬಿಟ್ಟುಕೊಂಡು ಬೆಳೆದವರಿಗೆ ಎರಡೂ ಕಡೆ ಹೊಂದಿಕೊಳ್ಳೋದು ಕಷ್ಟ ಆಗಲಿಕ್ಕಿಲ್ಲ, ಆದರೆ ನೀರಿಗಾಗಿ ಪುಣೆ ಅನ್ನೋ ಮಾತು ನಿಲ್ಲೋದಿಲ್ಲ.

ಬಾಡಿಗೆ ಕರಾರಿನಲ್ಲಿ ಮಾತ್ರ ಪುಣೆ ನಮಗಿಂತ ಮೇಲು, ಇದನ್ನು ಒಪ್ಪಬೇಕು. ಅಲ್ಲಿ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು ಅಂತ 1999ರ ಕಾನೂನೇ ಇದೆ. ಸಾಮಾನ್ಯವಾಗಿ 11 ತಿಂಗಳಿನ ಕರಾರು ಮಾಡುತ್ತಾರೆ. ಡೆಪಾಸಿಟ್ ಕಡಿಮೆ, ಕಾಗದ ಗಟ್ಟಿ. ಬೆಂಗಳೂರಲ್ಲಿ ಒಂದೂವರೆ ಲಕ್ಷ ಓನರ್ ಹತ್ತಿರ ಸುಮ್ನೆ ಕೂತಿರುತ್ತದೆ, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಅಡ್ವಾನ್ಸ್ ಅನ್ನು ನಾಲ್ಕೈದು ತಿಂಗಳ ಬಾಡಿಗೆಗೆ ಇಳಿಸೋಕೆ ಚೌಕಾಶಿ ಮಾಡಿ. ಕೊಡೋ ದುಡ್ಡು ಬ್ಯಾಂಕಿನಿಂದಲೇ ಹೋಗಲಿ, ಪೇಂಟಿಂಗ್‌ಗೆ ಎಷ್ಟು ಅನ್ನೋದು ಕರಾರಿನಲ್ಲೇ ಬರಲಿ.

ಸಣ್ಣ ಪುಟ್ಟ ಖರ್ಚುಗಳಲ್ಲಿ ಗಡಿ ದಾಟಿದವರಿಗೆ ಪೆಟ್ಟು ಬೀಳೋದು ಗೊತ್ತೇ ಆಗೋದಿಲ್ಲ. ನಿಮ್ಮ ಕೆಎ-17 ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಪುಣೆಯಲ್ಲಿ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ದಾವಣಗೆರೆ ಆರ್‌ಟಿಒದಿಂದ ಎನ್‌ಒಸಿ, ಅಲ್ಲಿ ಮತ್ತೆ ತೆರಿಗೆ, ಇಲ್ಲಿ ಕಟ್ಟಿದ್ದನ್ನು ವಾಪಸ್ ಪಡೆಯೋಕೆ ಬೇರೆ ಅರ್ಜಿ. ಕಾರಿದ್ದರೆ ಇದು ದೊಡ್ಡ ಮೊತ್ತ. ಕರ್ನಾಟಕದಲ್ಲೇ ಇದ್ದರೆ ಮನೆಯವರಿಗೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸಿಗೂ, ಊರಿಗೆ ಬರೋ ಕೆಂಪು ಬಸ್ಸಿಗೂ ಟಿಕೆಟ್ ದುಡ್ಡಿಲ್ಲ. ಮಹಾರಾಷ್ಟ್ರದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಆ ಮನೆಯ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಿಕೊಳ್ಳಬೇಕು. ವೃತ್ತಿ ತೆರಿಗೆ ಎರಡೂ ಕಡೆ ವರ್ಷಕ್ಕೆ 2,500, ಅದರಲ್ಲಿ ವ್ಯತ್ಯಾಸ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಬಾಡಿಗೆ ಭತ್ಯೆಯ ವಿನಾಯಿತಿ ಸಿಗೋದಿಲ್ಲ, ಯಾವ ಊರಾದರೂ ಅಷ್ಟೇ. ಎಚ್‌ಆರ್ ಕೊಟ್ಟ ಹಾಳೆಯಲ್ಲಿ ಅದನ್ನು ಉಳಿತಾಯ ಅಂತ ತೋರಿಸಿದ್ದರೆ ನಂಬಬೇಡಿ.

ಮಗಳ ಓದಿಗೆ ಈಗಲೇ ತಲೆ ಕೆಡಿಸಿಕೊಳ್ಳೋದು ಬೇಡ. ಮಹಾರಾಷ್ಟ್ರದಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸಬೇಕು ಅಂತ 2020ರಲ್ಲಿ ಕಾನೂನು ಬಂದಿದೆ, ನಾಲ್ಕು ವರ್ಷದ ಮಗು ಅದನ್ನು ನಿಮಗಿಂತ ಬೇಗ ಕಲಿಯುತ್ತದೆ. ಕೆಸಿಇಟಿ ಸೀಟಿಗೆ 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು ಅನ್ನೋದು ಸಾಮಾನ್ಯ ನಿಯಮ, ಬೇರೆ ಕಲಮುಗಳೂ ಇವೆ. ಪುಣೆಗೆ ಹೋದರೂ ಐದನೇ ಕ್ಲಾಸಿನೊಳಗೆ ವಾಪಸ್ ಬರೋದಾದರೆ ತೊಂದರೆಯಿಲ್ಲ. ಅಲ್ಲೇ ನೆಲೆ ನಿಂತರೆ ಆಗ ಯೋಚಿಸಿದರಾಯಿತು.

ಈಗ ಪುಣೆ ಪರವಾಗಿ ಇರೋ ಒಂದೇ ಗಟ್ಟಿ ಮಾತು. ನಿಮ್ಮದು ಟೂಲ್ ಡಿಸೈನ್. ಆ ಕೆಲಸಕ್ಕೆ ಪಿಂಪ್ರಿ, ಆಕುರ್ಡಿ, ಚಾಕಣ್ ಪಟ್ಟಿಯಂಥ ಜಾಗ ದೇಶದಲ್ಲೇ ಕಮ್ಮಿ. ಟಾಟಾ ಮೋಟರ್ಸ್, ಬಜಾಜ್, ಮಹೀಂದ್ರ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್, ಇವರಿಗೆಲ್ಲ ಬಿಡಿಭಾಗ ಮಾಡಿಕೊಡೋ ಲೆಕ್ಕವಿಲ್ಲದಷ್ಟು ಕಂಪನಿಗಳು, ವಾಹನ ಪರೀಕ್ಷೆಯ ಎಆರ್‌ಎಐ ಸಂಸ್ಥೆ, ಎಲ್ಲ ಒಂದೇ ಸುತ್ತಿನಲ್ಲಿ. ಊರು ಬದಲಾಯಿಸುವಾಗ ಮೊದಲ ಕೆಲಸಕ್ಕಿಂತ ಅಲ್ಲಿ ಎರಡನೇ ಕೆಲಸ ಎಷ್ಟು ಸುಲಭವಾಗಿ ಸಿಗುತ್ತೆ ಅಂತ ನೋಡಬೇಕು ಅಂತ ನಾನು ಯಾವಾಗಲೂ ಹೇಳೋದು. ಆ ಲೆಕ್ಕದಲ್ಲಿ ಪುಣೆ ಮುಂದೆ. ಬೊಮ್ಮಸಂದ್ರವೂ ಕೆಟ್ಟದೇನಲ್ಲ, ಹೊಸೂರು ಅಲ್ಲಿಂದ ಹತ್ತಿರ, ಅಲ್ಲಿ ಟಿವಿಎಸ್, ಅಶೋಕ್ ಲೇಲ್ಯಾಂಡ್, ಏಥರ್ ಇವೆ. ಮನೆ ಬದಲಾಯಿಸದೆ ಕಂಪನಿ ಬದಲಾಯಿಸಬಹುದು. ಇನ್ನೊಂದು ದಿಕ್ಕಿಗೆ ಬಿಡದಿಯಲ್ಲಿ ಟೊಯೋಟಾ ಇದೆ, ಆದರೆ ಅದಕ್ಕೆ ಮನೆ ಬದಲಾಯಿಸಬೇಕಾಗುತ್ತದೆ.

ಹಾಗಾಗಿ ನನ್ನ ಉತ್ತರ ಬೊಮ್ಮಸಂದ್ರ. ನೀವು ಒಬ್ಬರೇ ಇದ್ದಿದ್ದರೆ, ಇಲ್ಲಾ ತಂದೆಯ ಆರೋಗ್ಯ ಚೆನ್ನಾಗಿದ್ದಿದ್ದರೆ, ಚಾಕಣ್‌ಗೆ ಹೋಗಿ ಅಂತ ಬೆನ್ನು ತಟ್ಟಿ ಕಳಿಸುತ್ತಿದ್ದೆ. ಒಂದು ಸಂದರ್ಭದಲ್ಲಿ ಮಾತ್ರ ಈ ಉತ್ತರ ಬದಲಾಗುತ್ತದೆ. ಮಗಳು ಸ್ಕೂಲಿಗೆ ಸರಿಯಾಗಿ ಹೋಗೋ ತನಕ ಎರಡು ವರ್ಷ ಕೆಲಸ ಬಿಡುತ್ತೇನೆ ಅಂತ ನಿಮ್ಮ ಮನೆಯವರೇ ಮೊದಲಿಂದ ಅಂದುಕೊಂಡಿದ್ದರೆ, ಆಗ ಆ 28 ಸಾವಿರ ಎರಡೂ ಕಡೆಯ ಲೆಕ್ಕದಿಂದ ಹೋಗುತ್ತದೆ, ಪುಣೆಯೇ ತಿಂಗಳಿಗೆ 13 ಸಾವಿರ ಮೇಲಾಗುತ್ತದೆ, ನೋಂದಣಿ ವರ್ಗಾವಣೆಗೂ ಟೈಮ್ ಸಿಗುತ್ತದೆ. ಇದನ್ನು ಅವರು ಹೇಳಬೇಕು. ಅವರ ಪರವಾಗಿ ನೀವು ಅಂದುಕೊಳ್ಳಬಾರದು.

ಒಪ್ಪಿಗೆ ಕಳಿಸೋ ಮುಂಚೆ ಪುಣೆಯವರಿಗೆ ಒಂದು ಫೋನ್ ಮಾಡಿ. ಹೆಂಡತಿಯ ಕೆಲಸ ಬಿಡಿಸಿಕೊಂಡು ಬರಬೇಕು, ಒಂದು ಲಕ್ಷದ ಮೇಲೆ ಕೊಟ್ಟು, ಕಂಪನಿ ಬಸ್ಸು, ಸಾಮಾನು ಸಾಗಿಸೋ ಖರ್ಚು ಕೊಡೋದಾದರೆ ಯೋಚಿಸುತ್ತೇನೆ ಅಂತ ನೇರವಾಗಿ ಹೇಳಿ. ಆಗಲ್ಲ ಅಂದರೂ ಸಂಬಂಧ ಕೆಡಿಸಿಕೊಳ್ಳಬೇಡಿ, ನಿಮ್ಮ ಲೈನಿನಲ್ಲಿ ಅವರು ಮತ್ತೆ ಎದುರಾಗುತ್ತಾರೆ. ಬೊಮ್ಮಸಂದ್ರದವರ ಹತ್ತಿರ 78 ಸಾವಿರದಲ್ಲಿ ವೇರಿಯಬಲ್, ಅಂದರೆ ಕೆಲಸ ನೋಡಿ ಹೆಚ್ಚು ಕಮ್ಮಿ ಆಗೋ ಭಾಗ, ಎಷ್ಟು, ನೈಟ್ ಶಿಫ್ಟ್ ಇದೆಯಾ ಅನ್ನೋದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಮತ್ತೆ ಹರಿಹರದ ಕಂಪನಿಯ ಅಪಾಯಿಂಟ್‌ಮೆಂಟ್ ಆರ್ಡರ್ ತೆಗೆದು ಸೇರಿದ ತಾರೀಖು ನೋಡಿ. ನಾಲ್ಕೂವರೆ ವರ್ಷ ಆಗಿದೆ ಅಂತೀರಿ, ಐದು ತುಂಬಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡೋ ಇಡಿಗಂಟು, ಬರುತ್ತದೆ. ನೋಟಿಸ್ ಪೀರಿಯಡ್ ಸೇರಿಸಿ ಎಷ್ಟು ವಾರ ಕಮ್ಮಿ ಬೀಳುತ್ತೆ ಲೆಕ್ಕ ಹಾಕಿ, ಜಾಯಿನಿಂಗ್ ಅಷ್ಟು ಮುಂದಕ್ಕೆ ಹಾಕಿ ಅಂತ ಈಗಲೇ ಕೇಳಿ. ಸಹಿ ಹಾಕಿದ ಮೇಲೆ ಕೇಳಿದರೆ ಒಪ್ಪೋದಿಲ್ಲ.